ಇಡ್ಲಿಗೆ ಬಿದ್ದ ಉಪ್ಪು, ಬ್ರೌಸರಿಗೆ ಹೋದ ಕೀ

"ಕೀಯನ್ನು ಡಾಟ್ ಎನ್ವ್ ಫೈಲಿಗೆ ಹಾಕಿದ್ದೀನಿ, ಗಿಟ್‌ಇಗ್ನೋರ್‌ಗೂ ಸೇರಿಸಿದ್ದೀನಿ. ಇನ್ನೇನು ಭಯ ಇಲ್ಲ." ವೆಬ್ ಡೆವಲಪರ್‌ಗಳ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೀ ಅಂದರೆ ಒಂದು ಸೇವೆಯನ್ನು ಬಳಸಲು ಅದು ನಮಗೆ ಕೊಡುವ ಗುಟ್ಟಿನ ಪದ. ಡಾಟ್ ಎನ್ವ್ ಅಂದರೆ ಇಂಥ ಮೌಲ್ಯಗಳನ್ನು ಬರೆದಿಡುವ ಫೈಲು. ಗಿಟ್‌ಇಗ್ನೋರ್ ಅಂದರೆ ಕೋಡ್ ಹಂಚುವಾಗ ಯಾವ ಫೈಲು ಬಿಡಬೇಕು ಎಂಬ ಪಟ್ಟಿ. ಇದು ತಾಯಿತ ಕಟ್ಟಿಕೊಂಡು ಜ್ವರ ಬರುವುದಿಲ್ಲ ಎಂದು ನಂಬಿದ ಹಾಗೆ. ಗುಟ್ಟು ಉಳಿಯುತ್ತದೋ ಇಲ್ಲವೋ ಅನ್ನುವುದು ಫೈಲಿನ ಹೆಸರಿನ ಮೇಲೆ ನಿಂತಿಲ್ಲ. ಆ ಮೌಲ್ಯವನ್ನು ಯಾರು ಓದುತ್ತಾರೆ, ಯಾವಾಗ ಓದುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಈ "ಯಾವಾಗ" ಅನ್ನುವುದೇ ಎಲ್ಲದರ ತಿರುಳು.

ಸ್ವಲ್ಪ ಹಿಂದಕ್ಕೆ ಹೋಗೋಣ. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಏಳನೇ ಆವೃತ್ತಿ ಬಂತು. ಪ್ರೋಗ್ರಾಮ್‌ಗೆ ಹೊರಗಿನಿಂದ ಕೊಡುವ ಮೌಲ್ಯಗಳು, ಅಂದರೆ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು (ಚಿಕ್ಕದಾಗಿ ಎನ್ವ್), ಇಂದಿನ ರೂಪದಲ್ಲಿ ಬಂದದ್ದು ಅಲ್ಲಿಂದಲೇ. ಸ್ಟೀಫನ್ ಬೋರ್ನ್ ಬರೆದ ಶೆಲ್ (ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮ್) ಕೂಡ ಅದರ ಜೊತೆಗೇ ಬಂತು. ಮುಂದೆ ಶುರುವಾಗುವ ಪ್ರೋಗ್ರಾಮ್‌ಗಳಿಗೆ ವೇರಿಯಬಲ್ ಕೊಡಲು ನಾವು ಇವತ್ತಿಗೂ ಟೈಪ್ ಮಾಡುವ "ಎಕ್ಸ್‌ಪೋರ್ಟ್" ಆ ಶೆಲ್‌ನದೇ. ಆಲೋಚನೆ ತುಂಬ ಸರಳ. ಒಂದು ಪ್ರೋಗ್ರಾಮ್ ಇನ್ನೊಂದನ್ನು ಶುರು ಮಾಡುವಾಗ ಅದರ ಕೈಗೆ "ಹೆಸರು, ಸಮ ಚಿಹ್ನೆ, ಮೌಲ್ಯ" ಎಂಬ ಸಾಲುಗಳ ಒಂದು ಗಂಟು ಕೊಡುತ್ತದೆ. ಎಲ್ಲವೂ ಬರೀ ಅಕ್ಷರಗಳು. ಸಂಖ್ಯೆ ಇಲ್ಲ, ಹೌದು ಅಲ್ಲ ಅನ್ನುವುದೂ ಇಲ್ಲ.

ಈ ಗಂಟನ್ನು ಬುತ್ತಿ ಎಂದುಕೊಳ್ಳಿ. ಅಮ್ಮ ಬೆಳಿಗ್ಗೆ ಬುತ್ತಿ ಕಟ್ಟಿ ಮಗುವನ್ನು ಶಾಲೆಗೆ ಕಳಿಸುತ್ತಾಳೆ. ಶಾಲೆಯಲ್ಲಿ ಮಗು ಚಪಾತಿ ಕೊಟ್ಟು ಗೆಳೆಯನ ಹತ್ತಿರ ಚಿತ್ರಾನ್ನ ತೆಗೆದುಕೊಂಡರೆ ಮನೆಯ ಅಡುಗೆಮನೆಯಲ್ಲಿ ಏನೂ ಬದಲಾಗುವುದಿಲ್ಲ. ಮಗು ಹೊರಟ ಮೇಲೆ ಅಮ್ಮ ಪಾಯಸ ಮಾಡಿದರೆ ಅದು ಬುತ್ತಿಗೆ ಬಂದು ಸೇರುವುದೂ ಇಲ್ಲ. ಒಂದು ಟರ್ಮಿನಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಆಗಲೇ ಓಡುತ್ತಿರುವ ಇನ್ನೊಂದು ಸರ್ವರ್‌ಗೆ ಅದು ತಿಳಿಯಲಿ ಎಂದು ಕಾಯುವವರು ಈ ಪಾಯಸವನ್ನೇ ಕಾಯುತ್ತಿರುತ್ತಾರೆ. ಹೋಗಿದ್ದು ನಕಲು, ಮೂಲ ಅಲ್ಲ.

2009ರಲ್ಲಿ ರಯಾನ್ ಡಾಲ್, ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ನೋಡ್ ತಂದಾಗ ಆ ಭಾಷೆಯೂ ಈ ಬುತ್ತಿಯ ವಂಶಕ್ಕೆ ಸೇರಿತು. "ಪ್ರೋಸೆಸ್ ಡಾಟ್ ಎನ್ವ್" ಅಂದರೆ ಅದೇ ಗಂಟು. ಬರೀ ಅಕ್ಷರಗಳು ಅನ್ನುವ ಹಳೆಯ ನಿಯಮವೂ ಹಾಗೇ ಉಳಿದಿದೆ. ಡೀಬಗ್ ಅನ್ನುವ ವೇರಿಯಬಲ್‌ಗೆ "ಫಾಲ್ಸ್" ಎಂದು ಬರೆದು "ಇಫ್" ಹಾಕಿ ನೋಡಿ, ಒಳಗೆ ಹೋಗುತ್ತದೆ. ಯಾಕೆಂದರೆ ಅದು ಐದು ಇಂಗ್ಲಿಷ್ ಅಕ್ಷರಗಳ ಪದ. ಜಾವಾಸ್ಕ್ರಿಪ್ಟ್‌ಗೆ ಖಾಲಿಯಲ್ಲದ ಪದವೆಲ್ಲ ನಿಜವೇ.

ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಟೆಸ್ಟ್‌ಗಳಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತದೆ. ಟೆಸ್ಟಿನ ಮೊದಲು ಹಳೆಯ ಮೌಲ್ಯ ಎತ್ತಿಟ್ಟು, ಮುಗಿದ ಮೇಲೆ ವಾಪಸ್ ಹಾಕುವುದು ಒಳ್ಳೆಯ ಅಭ್ಯಾಸ. ಆದರೆ ಮೊದಲು ಆ ವೇರಿಯಬಲ್ ಇರಲೇ ಇಲ್ಲ ಎನ್ನಿ. ಆಗ ನೀವು ಎತ್ತಿಟ್ಟಿದ್ದು "ಅನ್‌ಡಿಫೈನ್ಡ್", ಅಂದರೆ ಏನೂ ಇಲ್ಲ ಎಂಬ ಗುರುತು. ನೋಡ್‌ನ ಸ್ವಂತ ಟೆಸ್ಟ್ ರನ್ನರ್‌ನಲ್ಲಿ ಅದನ್ನು ವಾಪಸ್ ಹಾಕಿದರೆ ನೋಡ್ ಅದನ್ನೂ ಅಕ್ಷರವಾಗಿ ಬದಲಿಸುತ್ತದೆ. ಇಲ್ಲದ ವೇರಿಯಬಲ್ ಈಗ "ಅನ್‌ಡಿಫೈನ್ಡ್" ಎಂಬ ಪದವಾಗಿ ಕೂತಿರುತ್ತದೆ! ಮುಂದಿನ ಟೆಸ್ಟ್ ಬೀಳುತ್ತದೆ, ತಪ್ಪು ಹಿಂದಿನ ಟೆಸ್ಟಿನದು. ಇಂಥ ಕಡೆ "ಡಿಲೀಟ್" ಮಾಡಬೇಕು. ವಿಟೆಸ್ಟ್ ಎಂಬ ಟೆಸ್ಟ್ ಸಾಧನ ಬಳಸುವವರು ಅದರ "ಸ್ಟಬ್‌ಎನ್ವ್" ಮತ್ತು "ಅನ್‌ಸ್ಟಬ್‌ಆಲ್‌ಎನ್ವ್ಸ್" ಉಪಯೋಗಿಸಿದರೆ ಈ ತಲೆನೋವು ತಪ್ಪುತ್ತದೆ.

ಇನ್ನೊಂದು ಬಲೆ ಇದೆ. ಫೈಲಿನ ಮೇಲ್ಭಾಗದಲ್ಲೇ ಸರ್ವರ್ ವಿಳಾಸವನ್ನು ಓದಿ ಕಾನ್‌ಸ್ಟ್ (ಬದಲಾಗದ ಮೌಲ್ಯ) ಮಾಡಿಟ್ಟಿರುತ್ತೀರಿ. ಟೆಸ್ಟಿನೊಳಗೆ ಎನ್ವ್ ಎಷ್ಟು ಬದಲಿಸಿದರೂ ಅದು ಹಳೆಯದನ್ನೇ ಹೇಳುತ್ತದೆ. ಇಂಪೋರ್ಟ್ ಆದ ಕ್ಷಣದಲ್ಲೇ ಓದಿ ಆಗಿದೆ ಅಲ್ವಾ! ಜೆಸ್ಟ್ ಎಂಬ ಟೆಸ್ಟ್ ಸಾಧನದಲ್ಲಿ "ರೀಸೆಟ್‌ಮಾಡ್ಯೂಲ್ಸ್" ಮಾಡಿ ಮತ್ತೆ ತರಿಸಿಕೊಳ್ಳಬಹುದು. ಆದರೆ ಓದುವ ಕೆಲಸವನ್ನು ಒಂದು ಫಂಕ್ಷನ್ ಒಳಗೆ ಇಡುವುದೇ ಮೇಲು ಎಂದು ನನ್ನ ಅನಿಸಿಕೆ.

ನಾವೇ ಕೊಡದ ವೇರಿಯಬಲ್‌ಗಳೂ ಬುತ್ತಿಯಲ್ಲಿ ಇರುತ್ತವೆ. ಬೆಂಗಳೂರಿನಲ್ಲಿ ಕೂತು ಬರೆದ ನಮ್ಮ ಒಂದು ಟೆಸ್ಟ್ ಎಲ್ಲರ ಲ್ಯಾಪ್‌ಟಾಪಿನಲ್ಲೂ ಪಾಸಾಗುತ್ತಿತ್ತು, ಕೋಡನ್ನು ತಾನಾಗಿ ಪರೀಕ್ಷಿಸುವ ಬಿಲ್ಡ್ ಸರ್ವರ್‌ನಲ್ಲಿ ಬೀಳುತ್ತಿತ್ತು. "ಅದು ಹಾಗೇ, ಮತ್ತೊಂದು ಸಲ ರನ್ ಕೊಡು" ಎಂದು ಎರಡು ದಿನ ಸುಮ್ನೆ ಬಟನ್ ಒತ್ತಿದೆವು. ಕಾರಣ ಟೈಮ್‌ಝೋನ್. ನಮಗೆ 2024ರ ಜನವರಿ 1ರ ಬೆಳಗಿನ ಜಾವ 3 ಗಂಟೆ ಆಗಿದ್ದಾಗ ಆ ಸರ್ವರ್ ಪಾಲಿಸುವ ಯುಟಿಸಿಯಲ್ಲಿ (ಜಗತ್ತಿನ ಪ್ರಮಾಣ ಸಮಯದಲ್ಲಿ) 2023ರ ಡಿಸೆಂಬರ್ 31ರ ರಾತ್ರಿ 9.30. ವರ್ಷವೇ ಬೇರೆ! "ಟಿಝಡ್" ಎಂಬ ವೇರಿಯಬಲ್‌ಗೆ ಯುಟಿಸಿ ಎಂದು ಕೊಟ್ಟು ಟೆಸ್ಟ್ ಶುರು ಮಾಡಿದಾಗ ಅದು ಎಲ್ಲ ಕಡೆ ಒಂದೇ ರೀತಿ ಬಿತ್ತು. ಒಂದೇ ರೀತಿ ಬಿದ್ದರೆ ತಾನೆ ಸರಿ ಮಾಡಲು ಆಗುವುದು.

ಈಗ ಬಿಲ್ಡ್ ವಿಷಯ, ಅಂದರೆ ಬರೆದ ಕೋಡನ್ನು ಬ್ರೌಸರಿಗೆ ಕಳಿಸುವ ಫೈಲುಗಳಾಗಿ ಸಿದ್ಧ ಮಾಡುವುದು. ಬ್ರೌಸರ್‌ನಲ್ಲಿ ಯುನಿಕ್ಸ್‌ನ ಬುತ್ತಿಯೇ ಇಲ್ಲ. ಹಾಗಿದ್ದರೆ ಅಲ್ಲಿ ಎನ್ವ್ ಹೇಗೆ ಕೆಲಸ ಮಾಡುತ್ತದೆ? ಮಾಡುವುದೇ ಇಲ್ಲ. ವೀಟ್, ವೆಬ್‌ಪ್ಯಾಕ್‌ನಂಥ ಸಾಧನಗಳು ಬಿಲ್ಡ್ ಮಾಡುವಾಗಲೇ ನಿಮ್ಮ ಕೋಡಿನಲ್ಲಿ ಆ ಹೆಸರು ಇದ್ದ ಕಡೆ ಅದರ ಮೌಲ್ಯವನ್ನೇ ಬರೆದುಬಿಡುತ್ತವೆ. ಮುಗಿದ ಫೈಲಿನಲ್ಲಿ ವೇರಿಯಬಲ್ ಇರುವುದಿಲ್ಲ, ಅಕ್ಷರಗಳಷ್ಟೇ ಇರುತ್ತವೆ.

ಇಡ್ಲಿ ಹಿಟ್ಟಿಗೆ ಉಪ್ಪು ಹಾಕಿದ ಹಾಗೆ ಇದು. ಹಿಟ್ಟು ಹುದುಗಿ, ತಟ್ಟೆಗೆ ಹುಯ್ದು, ಬೇಯಿಸಿ ಆದ ಮೇಲೆ ಉಪ್ಪು ಕಡಿಮೆಯಾಯಿತು ಎಂದರೆ ಆ ಇಡ್ಲಿಗೆ ಸೇರಿಸಲು ಆಗುವುದಿಲ್ಲ. ಬೇರೆ ಹಿಟ್ಟೇ ಕಲಸಬೇಕು. ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೂ ತಿಂದವರಿಗೆಲ್ಲ ಉಪ್ಪಿನ ರುಚಿ ಗೊತ್ತಾಗುತ್ತದೆ. ಗಿಟ್‌ಇಗ್ನೋರ್ ಆ ಬೀರು. ಲಗ್ನಪತ್ರಿಕೆಯ ಹೋಲಿಕೆಯೂ ಹೊಂದುತ್ತದೆ. ಸಾವಿರ ಪ್ರತಿ ಅಚ್ಚಾಗಿ ಊರೆಲ್ಲ ಹಂಚಿದ ಮೇಲೆ ನಿಮ್ಮ ಮನೆಯಲ್ಲಿರುವ ಕರಡಿನಲ್ಲಿ ಛತ್ರದ ಹೆಸರು ತಿದ್ದಿದರೆ ನೆಂಟರು ಹಳೆಯ ಛತ್ರಕ್ಕೇ ಹೋಗುತ್ತಾರೆ. ಸ್ಟೇಜಿಂಗ್‌ಗೆಂದು (ಪ್ರಯೋಗದ ತಾಣಕ್ಕೆಂದು) ಮಾಡಿದ ಬಿಲ್ಡ್ ಅನ್ನೇ ಪ್ರೊಡಕ್ಷನ್‌ಗೆ (ಜನ ಬಳಸುವ ತಾಣಕ್ಕೆ) ಹಾಕಿ, ಅಲ್ಲಿಯ ಸರ್ವರ್‌ನಲ್ಲಿ ಎನ್ವ್ ಬದಲಿಸಿದವರ ಪಾಡು ಇದೇ.

ಈ ಬದಲಿ ವಿದ್ಯೆಗೆ ಒಂದು ಚಂದವೂ ಇದೆ. ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿಯ ಒಳಗೆ "ನೋಡ್ ಎನ್ವ್ ಪ್ರೊಡಕ್ಷನ್ ಅಲ್ಲದಿದ್ದರೆ ಈ ಎಚ್ಚರಿಕೆ ತೋರಿಸು" ಎಂಬಂಥ ಸಾಲುಗಳು ತುಂಬ ಇವೆ. ಬಿಲ್ಡ್‌ನಲ್ಲಿ ಅದು "ಪ್ರೊಡಕ್ಷನ್ ಪ್ರೊಡಕ್ಷನ್ ಅಲ್ಲದಿದ್ದರೆ" ಎಂದಾಗುತ್ತದೆ. ಅದು ಎಂದೂ ನಿಜವಾಗದು ಎಂದು ಕೋಡನ್ನು ಕಿರಿದು ಮಾಡುವ ಮಿನಿಫೈಯರ್‌ಗೆ ತಿಳಿಯುತ್ತದೆ, ಆ ಭಾಗವನ್ನೇ ಕತ್ತರಿಸಿ ಬಿಸಾಡುತ್ತದೆ. ಬಳಕೆದಾರರ ಮೊಬೈಲಿಗೆ ಅಷ್ಟು ಭಾರ ಕಡಿಮೆ. ಎಷ್ಟು ಜಾಣ ಉಪಾಯ!

ಗುಟ್ಟು ಸೋರದಿರಲಿ ಎಂದೇ ಸಾಧನಗಳು ಗಡಿ ಹಾಕಿವೆ. ವೀಟ್‌ನಲ್ಲಿ "ವೀಟ್", ನೆಕ್ಸ್ಟ್‌ನಲ್ಲಿ "ನೆಕ್ಸ್ಟ್ ಪಬ್ಲಿಕ್", ಕ್ರಿಯೇಟ್ ರಿಯಾಕ್ಟ್ ಆಪ್‌ನಲ್ಲಿ "ರಿಯಾಕ್ಟ್ ಆಪ್" ಎಂದು ಶುರುವಾಗುವ ಹೆಸರುಗಳನ್ನು ಬ್ರೌಸರಿನ ಕಡೆಗೆ ಬಿಡುತ್ತಾರೆ. ಬೇರೆಯವನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಕೆಲಸ ಆಗುತ್ತಿಲ್ಲ ಎಂದು ಕಂಡ ಕೂಡಲೇ ಆ ಮುಂಪದ ಅಂಟಿಸಿ, "ಈಗ ಬಂತು" ಎಂದು ಮುಂದೆ ಹೋಗುವವರು ಬಹಳ. ಆ ಮುಂಪದದ ಅರ್ಥ "ಇದನ್ನು ಲೋಕಕ್ಕೆಲ್ಲ ಹಂಚಿ" ಎಂದು.

ಇವತ್ತೇ ನಿಮ್ಮ ಪ್ರಾಜೆಕ್ಟನ್ನು ಬಿಲ್ಡ್ ಮಾಡಿ, ಬಂದ ಫೋಲ್ಡರ್‌ನಲ್ಲಿ ನಿಮ್ಮ ಕೀಯ ಮೊದಲ ಆರು ಅಕ್ಷರ ಹುಡುಕಿ. ಸಿಕ್ಕಿದರೆ, ಮತ್ತು ಆ ಬಿಲ್ಡ್ ಎಂದಾದರೂ ಹೊರಗೆ ಹೋಗಿದ್ದರೆ, ಮೊದಲು ಆ ಕೀಯನ್ನು ಕೊಟ್ಟ ಸೇವೆಗೆ ಹೋಗಿ ರದ್ದು ಮಾಡಿ. ಕೋಡ್ ತಿದ್ದುವುದು ಆಮೇಲೆ. ಹೊಸ ಕೀ ನಿಮ್ಮ ಸರ್ವರ್‌ನ ಬುತ್ತಿಯಲ್ಲಿರಲಿ. ಬ್ರೌಸರ್ ಆ ಸರ್ವರ್‌ನ ಹತ್ತಿರ ಕೇಳಲಿ.