ಸದ್ದು ಹೊರೆಯದ್ದೋ, ಆರ್‌ಪಿಎಂನದ್ದೋ?

ಆಕ್ಸಿಲರೇಟರ್ ಒತ್ತಿದಾಗ ಎಸ್‌ಯುವಿಯ ಇಂಜಿನ್ ಕಟಕಟ ಎಂದರೆ ಹೆಚ್ಚಿನವರು ಮೊದಲು ಗಟ್ಟಿ ಆಯಿಲ್ ಹಾಕಿಸುತ್ತಾರೆ. ಆಮೇಲೆ ಒಂದು ಬಾಟಲಿ ಆಕ್ಟೇನ್ (ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ತಾಳುವ ಶಕ್ತಿ) ಬೂಸ್ಟರ್, ಆಮೇಲೆ ಸ್ಪಾರ್ಕ್ ಪ್ಲಗ್, ಕೊನೆಗೆ ಇಂಜಿನ್ನಿನ ಬಡಿತ ಗುರುತಿಸುವ ನಾಕ್ ಸೆನ್ಸರ್. ಅಷ್ಟಾದರೂ ಸದ್ದು ಹೋಗದಿದ್ದಾಗ ಗ್ಯಾರೇಜಿಗೆ ಬರುತ್ತಾರೆ. ಇಂಜಿನ್ ಬಡಿದುಕೊಂಡರೆ ಗಾಬರಿಯಾಗುವುದು ಸಹಜ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಸಿಗದೆ ಒಂದು ಬೋಲ್ಟನ್ನೂ ಬಿಚ್ಚಬಾರದು: ಸದ್ದು ಹೊರೆಯ (ಇಂಜಿನ್ ಎಳೆಯಬೇಕಾದ ಭಾರದ) ಜೊತೆ ಏರುತ್ತದೆಯೋ, ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಜೊತೆ ಏರುತ್ತದೆಯೋ?

ತಿಳಿಯುವುದು ಸುಲಭ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ನಿಧಾನವಾಗಿ 2,500-3,000 ಆರ್‌ಪಿಎಂವರೆಗೆ ಏರಿಸಿ, ಕಾಲು ತೆಗೆಯಿರಿ. ಏರಿಸುವಾಗಲೋ ಇಳಿಯುವಾಗಲೋ ದಪ್ಪ ದನಿಯ ಬಡಿತ ಕೇಳಿಸಿದರೆ ಅದು ಆರ್‌ಪಿಎಂನ ಸದ್ದು, ಯಂತ್ರಭಾಗದ ಸವೆತ. ನ್ಯೂಟ್ರಲ್‌ನಲ್ಲಿ ಏನೂ ಇಲ್ಲವೆಂದರೆ ಖಾಲಿ ರಸ್ತೆಗೆ ಹೋಗಿ. ಮ್ಯಾನ್ಯುಯಲ್ ಗಾಡಿಯಾದರೆ ಮೇಲಿನ ಗೇರಿನಲ್ಲಿ 1,500ರ ಆಸುಪಾಸಿನಲ್ಲಿ ಆಕ್ಸಿಲರೇಟರನ್ನು ಮುಕ್ಕಾಲು ಒತ್ತಿ. ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬಂದು, ಅದೇ ವೇಗದಲ್ಲಿ ಒಂದು ಗೇರ್ ಇಳಿಸಿದ ಕೂಡಲೇ ನಿಂತುಹೋದರೆ ಅದು ಹೊರೆಯ ಸದ್ದು. ಗೇರ್ ಇಳಿಸಿದಾಗ ಆರ್‌ಪಿಎಂ ಹೆಚ್ಚಾಯಿತು, ಸದ್ದು ಮಾತ್ರ ಹೋಯಿತು. ಬೇರಿಂಗ್ ಸವೆದಿದ್ದರೆ ಹಾಗಾಗುವುದು ಅಪರೂಪ. ಎಸ್‌ಯುವಿಯ ಮೈತೂಕ ಹೆಚ್ಚು. ಏರಿನಲ್ಲಿ, ತುಂಬಿದ ಗಾಡಿಯಲ್ಲಿ, ಗೇರ್ ಇಳಿಸದೆ ಎಳೆಸುವ ಅಭ್ಯಾಸದಲ್ಲಿ ಈ ಸದ್ದು ಬೇಗ ಹೊರಬೀಳುತ್ತದೆ.

ಪೆಟ್ರೋಲ್ ಇಂಜಿನ್ನಿನಲ್ಲಿ ಹೊರೆಯ ಸದ್ದು ಸಾಮಾನ್ಯವಾಗಿ ಡಿಟೊನೇಶನ್. ಕಿಡಿ ಹತ್ತಿದ ಮೇಲೆ ಜ್ವಾಲೆ ಅಂಚು ಮುಟ್ಟುವ ಮೊದಲೇ ಅಲ್ಲಿ ಉಳಿದ ಮಿಶ್ರಣ ಒತ್ತಡ, ಶಾಖ ತಾಳದೆ ತಾನೇ ಒಮ್ಮೆಲೇ ಉರಿಯುತ್ತದೆ. ಆ ಒತ್ತಡದ ಅಲೆ ಸಿಲಿಂಡರ್ ಗೋಡೆಗೆ ಬಡಿದು ಸುಮಾರು 6ರಿಂದ 7 ಸಾವಿರ ಹರ್ಟ್ಸ್‌ನಲ್ಲಿ ಮೊಳಗುತ್ತದೆ. ಎಣ್ಣೆಯ ದಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ. 5ಡಬ್ಲ್ಯು-30 ಬೇಡುವ ಇಂಜಿನ್ನಿಗೆ ಅದಕ್ಕಿಂತ ಗಟ್ಟಿಯಾದ 20ಡಬ್ಲ್ಯು-50 ಆಯಿಲ್ ಹಾಕಿದರೆ ತಣ್ಣಗಿನ ಸ್ಟಾರ್ಟ್‌ನಲ್ಲಿ ಹೈಡ್ರಾಲಿಕ್ ಲಿಫ್ಟರ್‌ಗೂ ಟೈಮಿಂಗ್ ಚೈನ್ ಟೆನ್ಷನರ್‌ಗೂ ಎಣ್ಣೆ ತಡವಾಗಿ ತಲುಪುತ್ತದೆ. ವೇರಿಯಬಲ್ ವಾಲ್ವ್ ಟೈಮಿಂಗ್ ಕೂಡ ನಿಧಾನವಾಗುತ್ತದೆ. ಬೇರಿಂಗ್ ಸದ್ದಿದ್ದರೆ ಗಟ್ಟಿ ಎಣ್ಣೆ ಅದನ್ನು ಕೆಲವು ದಿನ ಅಡಗಿಸುತ್ತದೆ, ಸವೆತ ಒಳಗೇ ಸಾಗುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಹೊರೆಯ ಸದ್ದು ಎಂದು ಖಚಿತವಾದರೆ ಅಗ್ಗದ್ದನ್ನು ಮೊದಲು ನೋಡಿ. ಕೂಲಂಟ್ ಮಟ್ಟ ಸರಿಯಿದೆಯೇ, ಫ್ಯಾನ್ ತಿರುಗುತ್ತದೆಯೇ, ಥರ್ಮೋಸ್ಟಾಟ್ ತೆರೆಯುತ್ತದೆಯೇ ನೋಡಿ. ಕೈಪಿಡಿಯಲ್ಲಿ ಬರೆದ ಆಕ್ಟೇನ್‌ನ ಪೆಟ್ರೋಲನ್ನು ಒಂದು ಪೂರ್ತಿ ಟ್ಯಾಂಕ್ ಓಡಿಸಿ. ಸದ್ದು ನಿಂತರೆ ಇಂಧನವೇ ಕಾರಣ. ಬರಿ ಕಡಿಮೆಯಾದರೆ ಒಳಗೆ ಬೇರೇನೋ ಇದೆ.

ಆಮೇಲೆ ಸ್ಕ್ಯಾನರ್. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಂಜಿನ್ ಕಂಪ್ಯೂಟರ್ ಇಂಧನವನ್ನು ಹೆಚ್ಚು ಕಡಿಮೆ ಮಾಡುವ ತಿದ್ದುಪಡಿ) ಕೂಡಿಸಿ, ಮೊತ್ತ ಪ್ಲಸ್ ಶೇ. 10 ದಾಟಿದರೆ ಇಂಜಿನ್ನಿಗೆ ಇಂಧನ ಸಾಲುತ್ತಿಲ್ಲ, ಮಿಶ್ರಣ ಲೀನ್ ಆಗಿದೆ. ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು ಆರ್‌ಪಿಎಂ ಏರಿದಂತೆ ಇಳಿದರೆ ವ್ಯಾಕ್ಯೂಮ್ ಪೈಪ್ ಅಥವಾ ಇನ್‌ಟೇಕ್ ಗ್ಯಾಸ್ಕೆಟ್ ಸೋರಿಕೆ ಹುಡುಕಿ. ಹೊರೆ ಏರಿದಂತೆ ಟ್ರಿಮ್ ಕೂಡ ಏರಿದರೆ ಕೊಳೆಯಾದ ಏರ್ ಫ್ಲೋ ಸೆನ್ಸರ್, ಕಟ್ಟಿದ ಫ್ಯೂಯಲ್ ಫಿಲ್ಟರ್, ದಣಿದ ಫ್ಯೂಯಲ್ ಪಂಪ್. ಟ್ರಿಮ್ ಸರಿಯಿದ್ದೂ ಸದ್ದಿದ್ದರೆ ಇಜಿಆರ್ (ಸುಟ್ಟ ಹೊಗೆಯನ್ನು ಸ್ವಲ್ಪ ಮತ್ತೆ ಇಂಜಿನ್ನಿಗೆ ಕಳಿಸುವ ವ್ಯವಸ್ಥೆ) ದಾರಿ ಕಟ್ಟಿದೆಯೇ, ಪ್ಲಗ್ಗಿನ ಹೀಟ್ ರೇಂಜ್ (ಶಾಖ ಹೊರಹಾಕುವ ದರ್ಜೆ) ತಯಾರಕರು ಹೇಳಿದ್ದೇ ಹೌದೇ ನೋಡಿ. ಕಂಪ್ರೆಶನ್ ಎಲ್ಲ ಸಿಲಿಂಡರಿನಲ್ಲೂ ನಿಗದಿಗಿಂತ ಹೆಚ್ಚಿದ್ದರೆ ದಹನಕೋಣೆಯಲ್ಲಿ ಕಾರ್ಬನ್ ಕೂತಿರುವ ಸಾಧ್ಯತೆ ಬಲ. ಪಾಲಿಈಥರ್‌ಅಮೈನ್ ಇರುವ ಕ್ಲೀನರ್ ಬಾಟಲಿಯ ಮೇಲಿನ ಅಳತೆಯಲ್ಲಿ ಹಾಕಿ, ಟ್ಯಾಂಕ್ ಮುಗಿದ ಮೇಲೆ ಆಯಿಲ್ ಬದಲಿಸುವುದು ಒಳ್ಳೆಯದು.

ನಾಕ್ ಸೆನ್ಸರ್ ಕೊನೆಗೆ. ಅದು ಕಿವಿ ಇದ್ದಂತೆ; ಸಾಮಾನ್ಯವಾಗಿ ಸದ್ದಿನ ಮೂಲವಲ್ಲ. ಅದು ಕೆಟ್ಟರೆ ಸ್ಕ್ಯಾನರ್‌ನಲ್ಲಿ ಪಿ0325ರಿಂದ ಪಿ0334ರವರೆಗಿನ ದೋಷದ ಕೋಡ್ ಬರಬಹುದು, ಪಿಕಪ್ ಕುಗ್ಗಬಹುದು. ಹೊಸದನ್ನು ಹಾಕುವಾಗ ಬ್ಲಾಕಿನ ಮೇಲ್ಮೈ ಸ್ವಚ್ಛ ಮಾಡಿ, ವಾಷರ್ ಸೇರಿಸದೆ, ಟಾರ್ಕ್ ರೆಂಚಿನಲ್ಲಿ ಬಿಗಿಮಾಡಿ. ಹಲವು ಗಾಡಿಗಳಲ್ಲಿ ಅದು 20 ನ್ಯೂಟನ್ ಮೀಟರ್ ಆಸುಪಾಸು, ಆದರೆ ನಿಮ್ಮ ಗಾಡಿಯ ಲೆಕ್ಕವೇ ನೋಡಿಕೊಳ್ಳಿ. ಸಡಿಲವಾದರೂ ಅತಿಯಾದರೂ ಸೆನ್ಸರ್ ತಪ್ಪು ಕೇಳಿಸಿಕೊಳ್ಳುತ್ತದೆ.

ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಒತ್ತಿದಾಗ ಆಗೊಮ್ಮೆ ಈಗೊಮ್ಮೆ ಒಂದೇ ಭಾರಿ ಪೆಟ್ಟು ಬಿದ್ದರೆ ಅದು ಲೋ ಸ್ಪೀಡ್ ಪ್ರೀ ಇಗ್ನಿಷನ್, ಅಂದರೆ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವುದು, ಆಗಿರಬಹುದು. ಪಿಸ್ಟನ್ ಒಡೆಯುವಷ್ಟು ಕೆಟ್ಟದ್ದು. ಇಲ್ಲಿ ಆಯಿಲ್ ಸಹ ಮುಖ್ಯ: 2020ರಲ್ಲಿ ಬಂದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಪಿ ಆಯಿಲ್ ದರ್ಜೆಯಲ್ಲಿ ಇದನ್ನು ತಡೆಯುವ ಪರೀಕ್ಷೆ ಸೇರಿದೆ.

ಹೊರೆಯ ಜೊತೆ ಬರುವ ಎಲ್ಲವೂ ಡಿಟೊನೇಶನ್ ಅಲ್ಲ. ತಣ್ಣಗಿದ್ದಾಗ ಟಿಕ್ ಟಿಕ್ ಎಂದು ಬಿಸಿಯಾದ ಮೇಲೆ ಮಾಯವಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಸಂದಿಯಲ್ಲಿ ಕಪ್ಪು ಮಸಿ ಇರುತ್ತದೆ. ಹೊರಡುವಾಗ ಒಂದೇ ಬಾರಿ ಧಡ್ ಎಂದರೆ ಇಂಜಿನ್ ಮೌಂಟಿಂಗ್ ಅಥವಾ ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್ (ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ ಕೀಲು). ಹೀಟ್ ಶೀಲ್ಡ್ ಸಡಿಲವಾಗಿದೆಯೇ ಎಂದೂ ಇಂಜಿನ್ ಆರಿಸಿ ತಣ್ಣಗಾದ ಮೇಲೆ ಕೈಯಲ್ಲಿ ಅಲ್ಲಾಡಿಸಿ ನೋಡಿ.

ಡೀಸೆಲ್ ಎಸ್‌ಯುವಿಗೆ ಆಕ್ಟೇನ್ ಲೆಕ್ಕವಿಲ್ಲ. ಹೊಸದಾಗಿ ಚೂಪು ಬಡಿತ ಬಂದರೆ ಮೊದಲು ಇಂಜೆಕ್ಟರ್ ಮೇಲೆ ಅನುಮಾನ. ಸ್ಕ್ಯಾನರ್‌ನಿಂದ ಒಂದೊಂದನ್ನೇ ಆಫ್ ಮಾಡಿ ಸದ್ದು ಎಲ್ಲಿ ಬದಲಾಗುತ್ತದೆ ನೋಡಿ. ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಡೀಸೆಲ್ ಕೊಡುವ ಹೆಚ್ಚು ಒತ್ತಡದ ಕೊಳವೆ) ಪೈಪಿನ ನಟ್ ಓಡುವ ಇಂಜಿನ್ನಿನಲ್ಲಿ ಸಡಿಲಿಸಬೇಡಿ. ಒಳಗಿನ ಒತ್ತಡ 1,500 ಬಾರ್ ಮೀರಬಹುದು, ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ನುಗ್ಗುತ್ತದೆ.

ಇನ್ನು ದಪ್ಪ ದನಿಯ ಬಡಿತ. ಡಿಪ್‌ಸ್ಟಿಕ್ ನೋಡಿ, ಆಯಿಲ್ ಒತ್ತಡವನ್ನು ಮೆಕ್ಯಾನಿಕಲ್ ಗೇಜಿನಲ್ಲಿ ಅಳೆಯಿರಿ. ಒಂದು ಸಿಲಿಂಡರಿನ ಇಂಜೆಕ್ಟರನ್ನು ಸ್ಕ್ಯಾನರ್‌ನಿಂದ ಆಫ್ ಮಾಡಿದಾಗ ಸದ್ದು ತಗ್ಗಿದರೆ ಆ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಮೇಲೇ ಅನುಮಾನ. ಆಯಿಲ್ ಇಳಿಸಿ ಫಿಲ್ಟರ್ ಕತ್ತರಿಸಿದಾಗ ಹೊಳೆಯುವ ಚೂರುಗಳು ಕಂಡರೆ ಸಂಪ್ (ಇಂಜಿನ್ ತಳದ ಆಯಿಲ್ ತಟ್ಟೆ) ಬಿಚ್ಚಲೇಬೇಕು. ಕ್ರ್ಯಾಂಕಿಗೆ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡಕ್ಕೆ) ಗೀರು ಬಿದ್ದಿಲ್ಲವೆಂದರೆ ಬೇರಿಂಗ್ ಬದಲಾವಣೆಯಲ್ಲಿ ಮುಗಿಯಬಹುದು, ಬಿದ್ದಿದ್ದರೆ ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ, ತೆಳುವಾದ ಅದಕ್ಕೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಹಾಕಿಸಬೇಕು. ಇಂಥ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ.