ಗುಬ್ಬಿ ಹಕ್ಕಿಯಾದ ಕಥೆ

ರೊಮೇನಿಯಾದ ಹೋಟೆಲಿನ ಮೆನುವಿನಲ್ಲಿ ‘ಸೂಪ ದೆ ಪಾಸರೆ’ ಅಂತ ಕಂಡರೆ ಅದು ಕೋಳಿ ಸೂಪು. ‘ಪಾಸರೆ’ ಅಂದರೆ ರೊಮೇನಿಯನ್ ಭಾಷೆಯಲ್ಲಿ ಹಕ್ಕಿ. ಅಡುಗೆಮನೆಗೆ ಬಂದರೆ ಕೋಳಿ. ಎರಡು ಸಾವಿರ ವರ್ಷ ಹಿಂದೆ ಹೋಗಿ ನೋಡಿ, ಇದೇ ಪದದ ಅರ್ಥ ಗುಬ್ಬಚ್ಚಿ!

ರೊಮೇನಿಯನ್, ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಶ್ ಎಲ್ಲಕ್ಕೂ ತಾಯಿ ರೋಮನ್ನರ ಲ್ಯಾಟಿನ್. ಅದರಲ್ಲಿ ಗುಬ್ಬಚ್ಚಿಗೆ ‘ಪಾಸ್ಸೆರ್’ ಅನ್ನುತ್ತಿದ್ದರು. ಹಕ್ಕಿಗೆ ‘ಅವಿಸ್’ ಅನ್ನುವ ಬೇರೆ ಪದವೇ ಇತ್ತು. ಆದರೆ ಅದು ತೀರಾ ಪುಟ್ಟ ಪದ. ಜನರ ಬಾಯಲ್ಲಿ ಕೊನೆಯ ಅಕ್ಷರ ಸವೆದರೆ ಉಳಿಯುವುದೇ ಏನೂ ಇಲ್ಲ. ಇಟಲಿಯವರು, ಫ್ರೆಂಚರು ಅದಕ್ಕೊಂದು ಮುದ್ದಿನ ಬಾಲ ಸೇರಿಸಿ ಉಳಿಸಿಕೊಂಡರು. ಇಟಾಲಿಯನ್ನಿನ ‘ಉಚ್ಚೆಲ್ಲೊ’, ಫ್ರೆಂಚಿನ ‘ವಾಜೊ’ ಹುಟ್ಟಿದ್ದು ಹಾಗೆ. ರೊಮೇನಿಯಾದ ಕಡೆಯವರು ಮಾತ್ರ ಮನೆಯ ಸೂರಿನಲ್ಲೇ ಇದ್ದ ಗುಬ್ಬಿಯ ಹೆಸರನ್ನು ಎಲ್ಲ ಹಕ್ಕಿಗಳಿಗೂ ಹಚ್ಚಿದರು. ಸುಮಾರು 2,500 ಕಿ.ಮೀ. ದೂರದ ಸ್ಪೇನಿನಲ್ಲೂ ಹಾಗೇ ಆಯಿತು. ಅಲ್ಲಿ ಹಕ್ಕಿಗೆ ‘ಪಾಹರೊ’. ರೋಮನ್ ಜಗತ್ತಿನ ಎರಡು ತುದಿಗಳಲ್ಲಿ ಒಂದೇ ಗುಬ್ಬಿ ಗೆದ್ದಿತು! ನನಗೆ ಇದು ಈಗಲೂ ಮೈ ಜುಮ್ಮೆನ್ನಿಸುವ ಸಂಗತಿ.

ಲ್ಯಾಟಿನ್ ತಪ್ಪುಗಳನ್ನು ತಿದ್ದುವ ಹಳೆಯ ಪಟ್ಟಿಯೊಂದಿದೆ, ‘ಅಪೆಂಡಿಕ್ಸ್ ಪ್ರೋಬಿ’. ಅದರಲ್ಲಿ 227 ತಿದ್ದುಪಡಿಗಳಿವೆ. ಅವುಗಳಲ್ಲೊಂದು, ‘ಪಾಸ್ಸೆರ್, ಪಾಸ್ಸರ್ ಅಲ್ಲ’. ಯಾವುದೋ ಮೇಷ್ಟ್ರು ಮಕ್ಕಳ ನಾಲಿಗೆ ತಿದ್ದಲು ಪಟ್ಟ ಪಾಡು ಆ ಒಂದು ಸಾಲಿನಲ್ಲಿ ಕಾಣುತ್ತದೆ. ಮೇಷ್ಟ್ರು ಬೇಡವೆಂದ ಆ ‘ಪಾಸ್ಸರ್’ ಜನರ ಬಾಯಲ್ಲಿ ನಿಂತಿತು. ಪಾಸರೆ, ಪಾಹರೊ ಎರಡರಲ್ಲೂ ಅದರ ದನಿಯೇ ಇದೆ.

ನಮ್ಮ ‘ಎಣ್ಣೆ’ಯೂ ಹೀಗೇ ಹಿಗ್ಗಿದ ಪದ. ಎಳ್ಳಿನಿಂದ ತೆಗೆದ ನೆಯ್ (ಜಿಡ್ಡು), ಅಂದರೆ ಎಳ್ + ನೆಯ್. ಈಗ ಕಡಲೆಕಾಯಿ ಎಣ್ಣೆ ಅನ್ನುವಾಗ ಯಾರಿಗೂ ಎಳ್ಳು ನೆನಪಾಗುವುದಿಲ್ಲ, ಅಲ್ವಾ?

ಸರಿ, ಹೆಸರು ಕಳೆದುಕೊಂಡ ಗುಬ್ಬಚ್ಚಿಗೆ ಏನು ಗತಿ? ಪಕ್ಕದ ಸ್ಲಾವ್ ಜನರಿಂದ ‘ವ್ರಾಬಿಯೆ’ ಅನ್ನುವ ಪದ ಬಂತು. ರೊಮೇನಿಯಾದ ಗಾದೆಯೊಂದರಲ್ಲಿ ಅದು ಕೂತಿದೆ. ‘ಕೈಯಲ್ಲಿರೋ ಗುಬ್ಬೀನ ಬೇಲಿ ಮೇಲಿನ ಕಾಗೆಗೋಸ್ಕರ ಬಿಡಬೇಡ.’ ಕಾಗಕ್ಕ-ಗುಬ್ಬಕ್ಕನ ಕಥೆ ಕೇಳಿ ಬೆಳೆದವರಿಗೆ ಈ ಜೋಡಿ ಥಟ್ಟನೆ ಗುರುತು ಸಿಗುತ್ತದೆ. ಗಾದೆಯ ಗುಬ್ಬಿ ಸ್ಲಾವ್ ಮನೆಯಿಂದ ಬಂದದ್ದು. ಬೇಲಿ ಮೇಲಿನ ಕಾಗೆ, ‘ಚ್ವಾರ’, ಅಲ್ಬೇನಿಯನ್ನಿನ ‘ಸೊರ್ರ’ದ ನೆಂಟ.