ಸ್ವರಲಿಪಿಯ ಕಣ್ಣಳತೆ

"ಮೇಲೆ ಜಿ ಮೇಜರ್ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಆದರೂ ಎಫ್ ಸ್ವರದ ಹಿಂದೆ ನ್ಯಾಚುರಲ್ ಚಿಹ್ನೆ ಏಕೆ ಬಂತು?"

ಲಿಲಿಪಾಂಡ್ ತಂತ್ರಾಂಶವನ್ನು ಹೊಸದಾಗಿ ಹಿಡಿದವರು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಇದೇ. ಕೇಳುವ ದನಿಯಲ್ಲಿ ಸಣ್ಣ ಮುನಿಸೂ ಇರುತ್ತದೆ. ಮೌಸಿನಿಂದ ಸ್ವರಗಳನ್ನು ಎಳೆತಂದು ಗೆರೆಗಳ ಮೇಲೆ ಕೂರಿಸುವ ಸೌಲಭ್ಯ ಇದರಲ್ಲಿಲ್ಲ. ಸಾದಾ ಪಠ್ಯ ಕಡತದಲ್ಲಿ ಸ್ವರದ ಹೆಸರು, ಅದರ ಕಾಲಾವಧಿ ಬರೆದುಕೊಟ್ಟರೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯನ್ನು ಪಿಡಿಎಫ್ ಪುಟವಾಗಿ ಅಚ್ಚುಕಟ್ಟಾಗಿ ಜೋಡಿಸಿಕೊಡುತ್ತದೆ. ಇಷ್ಟು ಕಷ್ಟಪಟ್ಟು ಟೈಪ್ ಮಾಡಿದ ಮೇಲೂ ತಪ್ಪು ಚಿಹ್ನೆ ಬಂದರೆ ಸಿಟ್ಟು ಬಾರದಿರುತ್ತದೆಯೇ?

ಚಿಹ್ನೆ ಮಾತ್ರ ಸರಿಯಾಗಿಯೇ ಇದೆ. ಜಿ ಮೇಜರ್‌ನಲ್ಲಿ ಎಫ್ ಅರ್ಧ ಸ್ವರ ಏರಿ ಎಫ್ ಶಾರ್ಪ್ ಆಗುತ್ತದೆ; ಆ ಏರಿಕೆಯನ್ನು ರದ್ದು ಮಾಡುವುದೇ ನ್ಯಾಚುರಲ್ ಚಿಹ್ನೆ. ಲಿಲಿಪಾಂಡ್‌ಗೆ ಬೇಕಾಗಿರುವುದು ಕೇಳಿಸುವ ಸ್ವರ. ಎಫ್ ಶಾರ್ಪ್ ಕೇಳಿಸಬೇಕಿದ್ದರೆ, ಮೇಲೆ ಯಾವ ಶ್ರುತಿಚಿಹ್ನೆ (ಸಾಲಿನ ಆರಂಭದ ಶಾರ್ಪ್, ಫ್ಲಾಟ್ ಗುರುತು) ಇರಲಿ, 'ಫಿಸ್' ಎಂದೇ ಬರೆಯಬೇಕು. ಅದು ಅನುಸರಿಸುವ ಡಚ್ ಪದ್ಧತಿಯಲ್ಲಿ ಶಾರ್ಪ್‌ಗೆ 'ಇಸ್', ಅರ್ಧ ಸ್ವರ ಇಳಿಸುವ ಫ್ಲಾಟ್‌ಗೆ 'ಎಸ್' ಸೇರುತ್ತದೆ. ಬರಿಯ ಎಫ್ ಬರೆದರೆ ಶುದ್ಧ ಎಫ್ ಬೇಕು ಎಂದೇ ಅದು ನಂಬುತ್ತದೆ. ಯಾವ ಚಿಹ್ನೆಯನ್ನು ಅಚ್ಚಿನಲ್ಲಿ ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಅದರ ತಲೆನೋವು.

ಕರ್ನಾಟಕ ಸಂಗೀತ ಕಲಿತವರು ಈ ಹಳ್ಳಕ್ಕೆ ಇನ್ನೂ ಸುಲಭವಾಗಿ ಬೀಳುತ್ತಾರೆ. ನಮ್ಮ ಸ್ವರಪುಸ್ತಕಗಳಲ್ಲಿ ನೆತ್ತಿಯ ಮೇಲೆ 'ಕಲ್ಯಾಣಿ' ಎಂದಿದ್ದರೆ ಸಾಕು, ಕೆಳಗೆ ಬರುವ 'ಮ' ಎಲ್ಲವೂ ಪ್ರತಿಮಧ್ಯಮವೇ. 'ಶಂಕರಾಭರಣ' ಎಂದಿದ್ದರೆ ಅದೇ 'ಮ' ಶುದ್ಧ ಮಧ್ಯಮ. ರಾಗದ ಹೆಸರೇ ಸ್ವರಸ್ಥಾನವನ್ನು ನಿಶ್ಚಯಿಸುತ್ತದೆ. ಅದೇ ಅಭ್ಯಾಸದಲ್ಲಿ ಜಿ ಮೇಜರ್ ಎಂದು ಬರೆದು ಎಫ್ ಒತ್ತಿದರೆ, ಜಿಯನ್ನು ಷಡ್ಜವಾಗಿಟ್ಟು ನೋಡಿದಾಗ, ಕಾಕಲಿ ನಿಷಾದದ ಬದಲು ಕೈಶಿಕಿ ನಿಷಾದ ಬಂದು ಕೂರುತ್ತದೆ.

ಅಲ್ಪವಿರಾಮದ್ದು ಬೇರೆಯೇ ಗೊಂದಲ. ನಮ್ಮಲ್ಲಿ ಸ್ವರದ ಮುಂದೆ ಅಲ್ಪವಿರಾಮ ಹಾಕಿದರೆ ಸ್ವರ ಒಂದು ಅಕ್ಷರಕಾಲ ಲಂಬಿಸುತ್ತದೆ. ಲಿಲಿಪಾಂಡ್‌ನಲ್ಲಿ ಅದೇ ಚಿಹ್ನೆ ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸುತ್ತದೆ. ಕಾಲಾವಧಿಗೆ ಅಲ್ಲಿ ಅಂಕಿಗಳಿವೆ: 4 ಎಂದರೆ ಕ್ವಾರ್ಟರ್ (ಪೂರ್ಣ ಸ್ವರದ ಕಾಲು ಭಾಗ), 8 ಎಂದರೆ ಅದರ ಅರ್ಧ. 'ರಿಲೆಟಿವ್' ಎಂಬ ಆದೇಶ ಬಳಸಿದರೆ ಹಿಂದಿನ ಸ್ವರಕ್ಕೆ ಅತಿ ಹತ್ತಿರದ ಸ್ಥಾಯಿಯನ್ನು ತಂತ್ರಾಂಶವೇ ಆರಿಸಿಕೊಳ್ಳುತ್ತದೆ. ಹಾಗಾಗಿ ಸಿ ಷಡ್ಜವಾಗಿರುವಾಗ 'ಸ'ದ ನಂತರ 'ಪ' ಬರೆದರೆ ಬರುವುದು ಮೇಲಿನ ಪಂಚಮವಲ್ಲ, ಮಂದ್ರ ಪಂಚಮ. ಮೇಲೇರಲು ಐದು ಸ್ವರ ಎಣಿಸಬೇಕು, ಇಳಿಯಲು ನಾಲ್ಕೇ ಸಾಕು. ಮೇಲಿನದೇ ಬೇಕಿದ್ದರೆ ಒಂದು ಉದ್ಧರಣ ಚಿಹ್ನೆ (') ಸೇರಿಸಬೇಕು.

ಹಾಗಾದರೆ ಇಷ್ಟೆಲ್ಲ ಪೇಚಾಟ ಏಕೆ? ಇದಕ್ಕೆ ಉತ್ತರ ಬೇಕಿದ್ದರೆ ಸೀಸ ಮತ್ತು ತವರದ ತಗಡುಗಳ ಕಾಲಕ್ಕೆ ಹೋಗಬೇಕು. 1501ರಲ್ಲಿ ವೆನಿಸ್‌ನಲ್ಲಿ ಮುದ್ರಕ ಪೆಟ್ರೂಚಿ ಅಚ್ಚಿನ ಮೊಳೆಗಳಿಂದ ಸಂಗೀತ ಮುದ್ರಿಸಿದಾಗ ಗೆರೆ, ಸ್ವರ, ಸಾಹಿತ್ಯಗಳಿಗಾಗಿ ಒಂದೇ ಹಾಳೆಯನ್ನು ಮತ್ತೆ ಮತ್ತೆ ಅಚ್ಚಿಗೆ ಕೊಡಬೇಕಾಗಿತ್ತು. ಆಮೇಲೆ ಲೋಹದ ತಗಡಿನ ಕೆತ್ತನೆ ಬಂದು ಇಪ್ಪತ್ತನೆಯ ಶತಮಾನದವರೆಗೂ ಆಳಿತು. ಕೆತ್ತನೆಗಾರ ಐದು ಹಲ್ಲಿನ ಸಾಧನದಿಂದ ಗೆರೆ ಎಳೆದು, ಸ್ವರದ ತಲೆಗಳನ್ನು ಉಕ್ಕಿನ ಅಚ್ಚಿನಿಂದ ಬಡಿದು, ಕಡ್ಡಿಗಳನ್ನು ಉಳಿಯಿಂದ ಕೊರೆಯುತ್ತಿದ್ದ. ಎಲ್ಲವೂ ಕನ್ನಡಿಯ ಪ್ರತಿಬಿಂಬದಂತೆ, ಬಲದಿಂದ ಎಡಕ್ಕೆ. ತಪ್ಪಾದರೆ ತಗಡನ್ನು ತಿರುಗಿಸಿ ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿ ಮತ್ತೆ ಕೊರೆಯಬೇಕು. ವರ್ಷಗಟ್ಟಲೆ ಪಳಗಿದ ಮೇಲಷ್ಟೇ ಕೈ ಕೂಡುತ್ತಿದ್ದ ಕಸುಬು ಅದು. ಯಾವ ಸ್ವರ ಎಲ್ಲಿ ಕೂರಬೇಕು ಎಂಬ ತಿಳಿವಳಿಕೆಯ ಬಹುಪಾಲು ಪುಸ್ತಕದಲ್ಲಿರಲಿಲ್ಲ, ಆ ಕೈಯಲ್ಲಿತ್ತು.

1996ರಲ್ಲಿ ಹಾನ್-ವೆನ್ ನೀನ್‌ಹಾಯ್ಸ್ ಮತ್ತು ಯಾನ್ ನ್ಯೂವೆನ್‌ಹೈಜೆನ್ ಎಂಬ ಇಬ್ಬರು ಡಚ್ಚರು ಲಿಲಿಪಾಂಡ್ ಆರಂಭಿಸಿದಾಗ ಹಿಡಿಯಲು ಹೊರಟಿದ್ದು ಈ ಕೈಯನ್ನೇ. ಕಂಪ್ಯೂಟರಿನಲ್ಲಿ ಜೋಡಿಸಿದ ಸ್ವರಪುಟಗಳು ಅವರಿಗೆ ನಿರ್ಜೀವವಾಗಿ ಕಂಡಿದ್ದವು. 1950ರಲ್ಲಿ ಜರ್ಮನಿಯ ಬೇರೆನ್‌ರೈಟರ್ ಪ್ರಕಟಿಸಿದ ಬಾಖ್‌ನ ಚೆಲ್ಲೋ ಸೂಟ್‌ಗಳ ಕೈಕೆತ್ತನೆಯ ಮುದ್ರಣ ಅವರು ಮುಂದಿಟ್ಟುಕೊಂಡ ಮಾದರಿಗಳಲ್ಲೊಂದು. ಸ್ವರಚಿಹ್ನೆಗಳ ಫಾಂಟನ್ನೂ ಅವರೇ ರಚಿಸಿದರು, ಎಂಟು ಗಾತ್ರಗಳಲ್ಲಿ. ಗಾತ್ರ ಚಿಕ್ಕದಾದಂತೆ ಆಕಾರ ತುಸು ದಪ್ಪವಾಗುತ್ತದೆ. ಇಲ್ಲವಾದರೆ ಸಣ್ಣ ಅಚ್ಚು ಮಂಕಾಗಿ ಕಾಣುತ್ತದೆ. (ಫಾಂಟುಗಳ ಹೆಸರು ಫೇಟಾ, ಪಾರ್ಮೆಸಾನ್, ಎಮೆಂಟಾಲರ್. ಎಲ್ಲವೂ ಚೀಸ್. ಡಚ್ಚರ ಬುದ್ಧಿ.)

ನನಗೆ ಅತಿ ಇಷ್ಟವಾದ ಭಾಗ ಸ್ವರಗಳ ನಡುವಿನ ಅಂತರ. ಕಾಲಾವಧಿ ಎರಡರಷ್ಟಾದರೆ ಜಾಗವೂ ಎರಡರಷ್ಟು ಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಹಾಗೆ ಮಾಡಿದರೆ ಒಂದು ಪೂರ್ಣ ಸ್ವರ ಅರ್ಧ ಸಾಲನ್ನೇ ನುಂಗಿಬಿಡುತ್ತದೆ. ಕೆತ್ತನೆಗಾರರ ಪದ್ಧತಿ ಬೇರೆ: ಕಾಲ ಎರಡರಷ್ಟಾದಾಗಲೆಲ್ಲ ಒಂದೇ ಅಳತೆಯಷ್ಟು ಜಾಗ ಹೆಚ್ಚುತ್ತದೆ. ಸಾಲಿನಲ್ಲಿ ಪೂರ್ಣ ಸ್ವರದ ಎಂಟನೆಯ ಒಂದು ಭಾಗದ ಸ್ವರವೇ (ಅಂಕಿ 8) ಅತಿ ಚಿಕ್ಕದು ಎನ್ನಿ. ಅದರ ಬಳಿಕ ಸುಮಾರು ಒಂದು ಸ್ವರತಲೆಯಷ್ಟು ಖಾಲಿ ಜಾಗ. ಕ್ವಾರ್ಟರ್ ಬಳಿಕ ಎರಡು, ಹಾಫ್ ಬಳಿಕ ಮೂರು. ಕಾಲ ಗುಣಿಸುತ್ತ ಹೋಗುತ್ತದೆ, ಜಾಗ ಕೂಡುತ್ತ ಹೋಗುತ್ತದೆ. ಶಾಲೆಯಲ್ಲಿ ಕಲಿತು ಮರೆತ ಲಾಗರಿತಮ್ ಇದೇ. ಈ ಅಂತರಗಳನ್ನು ತಂತ್ರಾಂಶ ಸ್ಪ್ರಿಂಗ್‌ಗಳೆಂದು ಭಾವಿಸಿ, ಸಾಲು ಅಂಚಿನಿಂದ ಅಂಚಿಗೆ ಸರಿಯಾಗಿ ತುಂಬುವಂತೆ ಎಳೆಯುತ್ತದೆ ಅಥವಾ ಒತ್ತುತ್ತದೆ. ಚಿಹ್ನೆಗಳು ಒಂದರ ಮೇಲೊಂದು ಬೀಳದಂತೆ ಕನಿಷ್ಠ ಅಂತರವೂ ನಿಗದಿಯಾಗಿರುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಪುಟ ಗಣಿತಕ್ಕೆ ಸರಿ, ಕಣ್ಣಿಗೆ ತಪ್ಪು. ಮೇಲ್ಮುಖದ ಕಡ್ಡಿ ಸ್ವರತಲೆಯ ಬಲಕ್ಕೆ ಅಂಟಿರುತ್ತದೆ, ಕೆಳಮುಖದ್ದು ಎಡಕ್ಕೆ. ಮೇಲ್ಮುಖದ ಸ್ವರದ ಪಕ್ಕ ಕೆಳಮುಖದ ಸ್ವರ ಬಂದರೆ ಎರಡು ಕಡ್ಡಿಗಳೂ ಹತ್ತಿರ ಬಂದು, ತಲೆಗಳ ಅಂತರ ಸಮವಾಗಿದ್ದರೂ ಜೋಡಿ ಇರುಕಿದಂತೆ ಕಾಣುತ್ತದೆ. ಕ್ರಮ ತಿರುಗಿದರೆ ನಡುವೆ ಬಿರುಕು ಬಿಟ್ಟಂತೆ ಕಾಣುತ್ತದೆ. ಆದ್ದರಿಂದ ಮೊದಲ ಜೋಡಿಯನ್ನು ಕೊಂಚ ಅಗಲಿಸಬೇಕು, ಎರಡನೆಯದನ್ನು ಕೊಂಚ ಕೂಡಿಸಬೇಕು. ಅಂಗಡಿಯ ಬೋರ್ಡ್ ಬರೆಯುವ ಪೇಂಟರ್ ಗುಂಡಗಿನ 'ಠ' ಪಕ್ಕ ಒಂದಷ್ಟು, 'ಕ್ಷ' ಪಕ್ಕ ಇನ್ನೊಂದಷ್ಟು ಜಾಗ ಬಿಡುವುದು ಇಂಥದೇ ಕಣ್ಣಳತೆಯಿಂದ. ಕಂಪ್ಯೂಟರ್ ಮಾಡಿದ್ದು ನಿಖರ, ನಿಖರವಾದದ್ದು ಸುಂದರ ಎಂದು ಬೀಗುವವರ ಮುಂದೆ ಅಂಥದೊಂದು ಬೋರ್ಡ್ ಇಟ್ಟು ಸ್ಕೇಲ್ ಕೊಡಬೇಕು ಎನಿಸುತ್ತದೆ ನನಗೆ. ಲಿಲಿಪಾಂಡ್ ಈ ತಿದ್ದುಪಡಿಯನ್ನು ಕೇಳದೆಯೇ ಮಾಡುತ್ತದೆ. ಮೌಸಿನಿಂದ ಒಂದೊಂದೇ ಸ್ವರವನ್ನು ಜರುಗಿಸಿ ಇದನ್ನು ಸಾಧಿಸುತ್ತೇನೆ ಎನ್ನುವವರಿಗೆ ನಮಸ್ಕಾರ.

"ಸಾಲು ಕಾಗದದಿಂದಾಚೆಗೆ ಹೋಗಿಬಿಟ್ಟಿದೆ" ಎಂಬ ದೂರಿಗೂ ಇಲ್ಲೇ ಉತ್ತರವಿದೆ. ಪಠ್ಯದ ಪುಟ ಜೋಡಿಸುವ ಟೆಕ್ ತಂತ್ರಾಂಶಕ್ಕಾಗಿ ಕ್ನೂತ್ ಮತ್ತು ಪ್ಲಾಸ್ 1981ರಲ್ಲಿ ವಿವರಿಸಿದ ವಿಧಾನದ ಹಾದಿಯಲ್ಲೇ ಲಿಲಿಪಾಂಡ್ ಕೂಡ, ಸಾಲನ್ನು ಎಲ್ಲಿ ಮುರಿದರೆ ಒಟ್ಟಾರೆ ಚೆನ್ನಾಗಿರುತ್ತದೆ ಎಂದು ಇಡೀ ಕೃತಿಯನ್ನು ನೋಡಿ ತೀರ್ಮಾನಿಸುತ್ತದೆ. ಆದರೆ ಸಾಮಾನ್ಯವಾಗಿ ಅದು ಮುರಿಯುವುದು ಬಾರ್ ಗೆರೆಗಳಲ್ಲಿ (ತಾಳದ ಸುತ್ತುಗಳನ್ನು ಬೇರ್ಪಡಿಸುವ ಲಂಬ ಗೆರೆಗಳಲ್ಲಿ) ಮಾತ್ರ. ಸ್ವರವೊಂದು ಗೆರೆ ದಾಟಿ ಚಾಚಿದ್ದರೆ ಅಲ್ಲಿ ಮುರಿಯದು. ಆಲಾಪನೆಯಂಥ ತಾಳವಿಲ್ಲದ ಭಾಗವನ್ನು 'ಕೆಡೆನ್ಜಾ' ಆದೇಶ ಹಾಕಿ ಬರೆದರೆ ಗೆರೆಗಳೇ ಇರುವುದಿಲ್ಲ, ಸಾಲು ಓಡುತ್ತಲೇ ಇರುತ್ತದೆ. ಉಸಿರು ನಿಲ್ಲುವ ಜಾಗಗಳಲ್ಲಿ ಕಣ್ಣಿಗೆ ಕಾಣದ ಖಾಲಿ ಬಾರ್ ಹಾಕುವುದೇ ಪರಿಹಾರ. ಇನ್ನು ಸದ್ದು ಬರುತ್ತಿಲ್ಲ ಎನ್ನುವವರು ಸದ್ದಿನ ಕಡತ ಕೊಡುವ 'ಮಿಡಿ' ವಿಭಾಗ ಸೇರಿಸಲಿ, ಜೊತೆಗೆ ಪುಟ ಕೊಡುವ 'ಲೇಔಟ್' ವಿಭಾಗವನ್ನೂ. ಮಿಡಿ ಒಂದನ್ನೇ ಬರೆದರೆ ಸದ್ದಿನ ಕಡತ ಸಿಕ್ಕೀತು, ಪುಟ ಮಾಯವಾದೀತು.

ಕನ್ನಡದ ಸಾಹಿತ್ಯ ಹಾಕಬಹುದೇ? ಧಾರಾಳವಾಗಿ. ಒಂದು ಪದದ ಅಕ್ಷರಗಳನ್ನು ಬೇರೆ ಬೇರೆ ಸ್ವರಗಳಿಗೆ ಹಂಚಲು ನಡುವೆ ಜೋಡಿ ಅಡ್ಡಗೆರೆ ಹಾಕಬೇಕು, ಎರಡೂ ಬದಿ ಜಾಗ ಬಿಟ್ಟು: ಕ -- ನ್ನ -- ಡ. ಹಾಡುವಾಗ ಮೊದಲ 'ನ್' ಹಿಂದಿನ ಸ್ವರಕ್ಕೇ ಅಂಟಿಕೊಂಡರೂ ಒತ್ತಕ್ಷರವನ್ನು ಒಡೆಯಬೇಡಿ, ಓದುವವರು ಕಕ್ಕಾಬಿಕ್ಕಿಯಾಗುತ್ತಾರೆ. ಕಡತವನ್ನು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲೇ ಉಳಿಸಿರಬೇಕು. ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕೀರ್ತನೆಗಳಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಸ್ವರಗಳ ಕೆಳಗೆ ಮೂಡುವುದು ಪುರಂದರದಾಸರ ಸಾಹಿತ್ಯವಲ್ಲ, ರೋಮನ್ ಅಕ್ಷರಗಳ ಕಲಸುಮೇಲೋಗರ.